ಮತ ಬೇಕು, ಮಾತು ಬೇಡವೇ?

ಚುನಾವಣೆಯು ಸಮೀಪಿಸಿದಾಗ ನಮ್ಮ ಪುಢಾರಿಗಳಿಗೆ ಗದ್ದೆಯ ಅಂಚಿನ ದಾರಿ ನೆನಪಾಗುತ್ತದೆ. ಶೆಟಗೇರಿಯ ಕೇರಿಗಳಲ್ಲಿ, ಸಗಡಗೇರಿ ಭಾವಿಕೇರಿಗಳ ಅಂಗಳಗಳಲ್ಲಿ ಅವರು ಬಿಳಿಯ ಧೋತರವನ್ನು ಮೇಲೆತ್ತಿ ನಡೆಯುತ್ತಾರೆ. ನಾಟಿಯ ಕೆಸರಿನಲ್ಲಿ ನಿಂತವಳಿಗೂ, ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತವಳಿಗೂ ಕೈಮುಗಿದು ‘ಅಕ್ಕಾ, ತಾಯೀ’ ಎನ್ನುತ್ತಾರೆ. ಮತದಾನವು ಮುಗಿದು ತಿಂಗಳು ಕಳೆಯಲಿ. ಅದೇ ಹೆಣ್ಣುಮಗಳು ಗ್ರಾಮಸಭೆಯಲ್ಲಿ ಎದ್ದು ನಿಂತು ಕುಡಿಯುವ ನೀರಿನ ಮಾತೆತ್ತಿದರೆ ಆಕೆಗೆ ದೊರೆಯುವ ಉತ್ತರ ಯಾವುದು? ‘ನಿನಗೇನು ತಿಳಿಯುತ್ತದೆ, ಮನೆಯ ಗಂಡಸರನ್ನು ಕಳುಹಿಸು.’ ಮತಕ್ಕಾಗಿ ತಾಯಿಯಾದವಳು ಮಾತಿಗೆ ಬಂದಾಗ ತಿಳಿಯದವಳಾಗುತ್ತಾಳೆ. ಈ ಸಂಗತಿಯನ್ನು ಕುರಿತು ವಾಚಕರ ಮುಂದೆ ನಮ್ಮ ನಾಲ್ಕು ವಿಚಾರಗಳನ್ನಿಡುವುದು ಅವಶ್ಯವೆಂದು ನಮಗೆ ತೋರಿದೆ.

ಸ್ತ್ರೀಯರ ಸ್ಥಿತಿಗತಿಯೆಂಬುದು ಒಂದು ವಿಷಯ, ಭಾಷಣ ಸ್ವಾತಂತ್ರ್ಯವೆಂಬುದು ಇನ್ನೊಂದು, ದುಡಿಯುವ ಜನರ ಮತವೆಂಬುದು ಮತ್ತೊಂದು ಎಂದು ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಸಭೆ ನೆರೆಯಿಸಿ, ಒಂದೊಂದು ಠರಾವು ಪಾಸು ಮಾಡುವುದು ಈಗಿನ ರೂಢಿಯಾಗಿದೆ. ನಮ್ಮ ಹಿರಿಯರು ಹೀಗೆ ವಿಂಗಡಿಸಿರಲಿಲ್ಲ. ೧೯೩೧ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಸರದಾರ ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯಲ್ಲಿ ಕರಾಚಿಯಲ್ಲಿ ನೆರೆದ ರಾಷ್ಟ್ರೀಯ ಮಹಾಸಭೆಯು ಮೂಲಭೂತ ಹಕ್ಕುಗಳ ಠರಾವನ್ನು ಸ್ವೀಕರಿಸಿದಾಗ, ಭಾಷಣದ ಮತ್ತು ಮುದ್ರಣದ ಸ್ವಾತಂತ್ರ್ಯ, ಪ್ರಾಯಕ್ಕೆ ಬಂದವರೆಲ್ಲರಿಗೂ ಮತಾಧಿಕಾರ, ಸರಕಾರದ ಉದ್ಯೋಗಗಳಲ್ಲಿ ಸ್ತ್ರೀಪುರುಷ ಭೇದವಿಲ್ಲದಿರುವಿಕೆ, ಕಾರ್ಮಿಕರಿಗೆ ಬದುಕಲು ಸಾಲುವ ಕೂಲಿ, ಕೂಲಿ ಹೆಂಗಸರಿಗೆ ಹೆರಿಗೆಯ ರಜೆ, ಇವೆಲ್ಲವೂ ಒಂದೇ ಠರಾವಿನೊಳಗೆ ಬಂದವು. ಅದೇ ಠರಾವಿನಲ್ಲಿ ಉಪ್ಪಿನ ಮೇಲೆ ಕರವಿರಕೂಡದೆಂಬ ಮಾತೂ ಇತ್ತು. ಅಂಕೋಲೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ಒಂದು ವರ್ಷ ಮೊದಲು, ೧೯೩೦ನೆಯ ಏಪ್ರಿಲ್ ೧೩ರಂದು, ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆಯನ್ನು ಮುರಿದುದು ಇದೇ ಅಂಕೋಲೆಯ ಕಡಲತೀರದಲ್ಲಿ.

ಉಪ್ಪಿನ ಬೆನ್ನ ಹಿಂದೆಯೇ ಕರನಿರಾಕರಣವು ಬಂದಿತು. ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಸಾರಾ ಕೊಡಲೊಲ್ಲೆವೆಂದು ನಿಂತರು. ಮುಂಬಯಿ ಸರಕಾರವು ಅವರ ಭೂಮಿಯನ್ನು ಮುಟ್ಟುಗೋಲು ಹಾಕಿತು. ಮನೆಯ ಸಾಮಾನುಗಳನ್ನು ಜಪ್ತಿ ಮಾಡಿ ಲಿಲಾವಿಗೆ ಹಚ್ಚಿತು. ಪಹಣಿಯಲ್ಲಿ ಗಂಡಸಿನ ಹೆಸರು, ಸೆರೆಮನೆಯ ದಫ್ತರದಲ್ಲಿಯೂ ಬಹುಮಟ್ಟಿಗೆ ಗಂಡಸಿನ ಹೆಸರು. ಆದರೆ ಜಪ್ತಿಯಾದ ಹಂಡೆ ಕೊಡಗಳು ಯಾರ ಕೈಯವು? ಒಲೆ ಆರಿದ ಮನೆಯಲ್ಲಿ ಮಕ್ಕಳನ್ನಿಟ್ಟುಕೊಂಡು ಕುಳಿತವರು ಯಾರು? ಸಿದ್ದಾಪುರದ ಕಡೆಯ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಿಲಾವಿನಲ್ಲಿ ಸತ್ಯಾಗ್ರಹಿಗಳ ಆಸ್ತಿಯನ್ನು ಕೊಂಡವರ ಮನೆಗಳ ಮುಂದೆ ಕುಳಿತು ಅವರು ಉಪವಾಸ ಮಾಡಿದರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಆ ಮಹಿಳಾ ಸತ್ಯಾಗ್ರಹಿಗಳ ಸ್ಮಾರಕವು ನಿಂತಿದೆ. ಕಳೆದುಹೋದ ಭೂಮಿಯನ್ನು ಮೂಲ ಒಡೆಯರಿಗೆ ಮರಳಿಸುವ ಕಾಯಿದೆಯನ್ನು ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ೧೯೩೮ರಲ್ಲಿ ಮಾಡಿತು.

ಇಂತಹ ಹೆಂಗಸರಿಗೆ ಆಗ ಮತವಿದ್ದಿತೇ? ಸಾರಾ ಕೊಡುವ ಭೂಮಿ ತನ್ನ ಹೆಸರಿನಲ್ಲಿಲ್ಲದವಳಿಗೆ ಇರಲಿಲ್ಲ. ೧೯೩೫ರ ಹಿಂದುಸ್ಥಾನ ಸರಕಾರದ ಕಾಯಿದೆಯು ಮತದಾರರ ಸಂಖ್ಯೆಯನ್ನು ೩ ಕೋಟಿಗೆ ಮೇಲಕ್ಕೆ ಏರಿಸಿತೆಂಬುದು ನಿಜ. ಆದರೂ ಆಸ್ತಿ, ತೆರಿಗೆ, ಓದುಬರಹ ಇವುಗಳೇ ಅಳತೆಗೋಲು. ಅನೇಕ ಪ್ರಾಂತಗಳಲ್ಲಿ ಸ್ತ್ರೀಯು ಆಸ್ತಿವಂತನ ಹೆಂಡತಿಯೆಂಬ ಕಾರಣದಿಂದ ಮತದಾರಳಾದಳು. ಕೂಲಿಯವನ ಹೆಂಡತಿಗೆ, ಕೂಲಿಯವನಿಗೂ, ಆ ಬಾಗಿಲು ತೆರೆಯಲಿಲ್ಲ. ಡಾ. ಅಂಬೇಡಕರರು ೧೯೨೮ರಲ್ಲಿಯೇ ಸೈಮನ್ ಮಂಡಲದ ಮುಂದೆ ಪ್ರಾಯಸ್ಥರೆಲ್ಲರಿಗೂ ಮತ ಬೇಕೆಂದು ವಾದಿಸಿದ್ದರು. ಓದುಬಾರದವರಿಗೆ ಮತದ ಬೆಲೆ ತಿಳಿಯದೆಂಬ ಆಕ್ಷೇಪಣೆಯು ಆಗಲೂ ಇತ್ತು. ಉಪ್ಪಿನ ಬೆಲೆಯನ್ನೂ ಗೇಣಿಯ ಭಾರವನ್ನೂ ಬಲ್ಲವಳಿಗೆ ಮತದ ಬೆಲೆ ತಿಳಿಯದೆಂಬುದು ಎಂತಹ ತರ್ಕ!

ಸ್ವತಂತ್ರ ಭಾರತದ ಸಂವಿಧಾನವು ಈ ಅಳತೆಗೋಲನ್ನು ಮುರಿದುಹಾಕಿತು. ಬ್ರಿಟನ್ನಿನಲ್ಲಿ ಸ್ತ್ರೀಯರು ಪುರುಷರಿಗೆ ಸಮನಾಗಿ ಮತ ಪಡೆದುದು ೧೯೨೮ರಲ್ಲಿ. ಫ್ರಾನ್ಸಿನಲ್ಲಿ ಮತಾಧಿಕಾರ ದೊರೆತುದು ೧೯೪೪ರಲ್ಲಿ. ಸ್ವಿಟ್ಜರ್ಲೆಂಡಿನ ಕೇಂದ್ರ ಚುನಾವಣೆಗಳಲ್ಲಿ ೧೯೭೧ರಲ್ಲಿ. ನಮ್ಮಲ್ಲಿ ಮೊದಲ ಮಹಾಚುನಾವಣೆಯಲ್ಲಿಯೇ, ಅಂದರೆ ೧೯೫೧–೫೨ರಲ್ಲಿಯೇ, ಗೇಣಿದಾರಳೂ ಕೂಲಿಯವಳೂ ಧನಿಯ ಸಮಕ್ಕೆ ನಿಂತರು. ಆದರೆ ಆ ಚುನಾವಣೆಯ ಮತದಾರರ ಯಾದಿಯಲ್ಲಿ ಒಂದು ವಿಲಕ್ಷಣ ಸಂಗತಿ ನಡೆಯಿತು. ಮುಖ್ಯವಾಗಿ ಉತ್ತರ ಹಿಂದುಸ್ಥಾನದ ಪ್ರಾಂತಗಳಲ್ಲಿ ಅಸಂಖ್ಯ ಸ್ತ್ರೀಯರು ತಮ್ಮ ಹೆಸರನ್ನು ಹೇಳದೆ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದು ಬರೆಯಿಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಹೆಸರಿಲ್ಲದ ಮತದಾರರನ್ನು ಒಪ್ಪಲಿಲ್ಲ. ಸುಮಾರು ೨೮ ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗುಳಿದರು. ಕಠೋರವೆಂದು ಅಂದು ಹಲವರಿಗೆ ತೋರಿದ ಆ ನಿರ್ಣಯವು ಯೋಗ್ಯವಾದದ್ದೆಂದೇ ನಮ್ಮ ಮತ. ಸ್ವಂತ ಹೆಸರಿಲ್ಲದವಳ ಮತವು ಸ್ವಂತದ್ದಾಗುವುದು ಹೇಗೆ?

ಈಗ ಯಾದಿಯಲ್ಲಿ ಹೆಸರುಂಟು. ಆದರೆ ಹೆಸರು ಬಂದ ಮಾತ್ರಕ್ಕೆ ಮಾತು ಬರುವುದಿಲ್ಲ. ನಮ್ಮ ಜಿಲ್ಲೆಯ ರೈತರ ಹೋರಾಟವನ್ನೇ ನೋಡಿರಿ. ಈ ತಾಲೂಕಿನವರೇ ಆದ ದಿನಕರ ದೇಸಾಯಿಯವರು ಗೇಣಿದಾರರನ್ನು ಒಗ್ಗೂಡಿಸಹೊರಟಾಗ ಅವರನ್ನು ೧೯೪೦ರಲ್ಲಿ ಜಿಲ್ಲೆಯಿಂದಲೇ ಗಡೀಪಾರು ಮಾಡಲಾಯಿತು. ಸರಕಾರವು ಅಂಜಿದುದು ಗೇಣಿದಾರನು ಧನಿಯೆದುರು ಬಾಯಿ ತೆರೆಯುವುದನ್ನು ಕಲಿತಾನೆಂಬುದಕ್ಕೆ. ಕಾಲವು ತಿರುಗಿತು. ಗಡೀಪಾರಾದವರೇ ೧೯೬೭ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಆರಿಸಿಹೋದರು. ೧೯೭೪ರಲ್ಲಿ ದೇವರಾಜ ಅರಸರ ಸರಕಾರವು ತಂದ ಭೂಸುಧಾರಣೆಯ ತಿದ್ದುಪಡಿಯಿಂದ ಕರಾವಳಿಯ ಗೇಣಿದಾರನು ಭೂಮಿಯ ಒಡೆಯನಾದನು.

ಒಡೆಯ‘ನಾದನು’. ಇಲ್ಲಿಯೇ ನಾವು ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ‘ಉಳುವವನೇ ಹೊಲದೊಡೆಯ’ ಎಂಬ ಘೋಷವನ್ನು ನಾವೆಲ್ಲರೂ ಹೆಮ್ಮೆಯಿಂದ ಕೂಗಿದ್ದೇವೆ. ಶಾಲಾ ಮಾಸ್ತರರು ಮಕ್ಕಳಿಗೆ ವ್ಯಾಕರಣ ಕಲಿಸುವಾಗ ಆ ಎರಡು ಶಬ್ದಗಳ ಲಿಂಗವನ್ನು ಕೇಳಲಿ. ಉಳುವವನು ಪುಲ್ಲಿಂಗ, ಒಡೆಯನು ಪುಲ್ಲಿಂಗ. ನೇಗಿಲನ್ನು ಹಿಡಿದವನು ಒಡೆಯನಾದನು. ಸಸಿ ಕಿತ್ತವಳು, ನಾಟಿ ಮಾಡಿದವಳು, ಕಳೆ ತೆಗೆದವಳು, ಕೊಯ್ದವಳು, ಭತ್ತ ಕುಟ್ಟಿದವಳು ಆ ವಾಕ್ಯದೊಳಗೆ ಎಲ್ಲಿದ್ದಾಳೆ? ಹಿಸ್ಸೆಯ ಮಾತು ಬಂದಾಗ ಹೆಣ್ಣುಮಕ್ಕಳಿಗೆ ಕರ್ನಾಟಕದ ಶಾಸನವು ೧೯೯೪ರಲ್ಲಿ, ಇಡೀ ದೇಶದ ಶಾಸನವು ೨೦೦೫ರಲ್ಲಿ, ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕೊಟ್ಟಿದೆ. ಕೋರ್ಟಿನ ಕಟ್ಟೆಯ ಮೇಲೆ ಕುಳಿತು ದಸ್ತೈವಜು ಓದುವ ನಮ್ಮಂಥವರಿಗೆ ಗೊತ್ತು: ಆ ಪಾಲಿಗೆ ‘ಹಕ್ಕು ಬಿಟ್ಟ ಪತ್ರ’ದ ರೂಪದಲ್ಲಿ ಎಷ್ಟು ಹೆಬ್ಬೆಟ್ಟುಗಳು, ಎಷ್ಟು ರುಜುಗಳು ಬೀಳುತ್ತವೆಯೆಂಬುದು. ‘ತವರಿನ ಬಾಗಿಲು ಮುಚ್ಚೀತು’ ಎಂಬ ಒಂದೇ ಅಂಜಿಕೆಯು ಶಾಸನಸಭೆಯ ಎರಡು ಕಾಯಿದೆಗಳನ್ನು ಸೋಲಿಸುತ್ತದೆ. ಮಾತನಾಡಿದರೆ ಆಸರೆ ಹೋದೀತೆಂದು ಬಗೆಯುವವಳಿಗೆ ಸಂವಿಧಾನದ ೧೯ನೆಯ ಕಲಮು ಎಷ್ಟರಮಟ್ಟಿಗೆ ಉಪಯೋಗ? ಭಾಷಣ ಸ್ವಾತಂತ್ರ್ಯವೆಂದರೆ ಪತ್ರಿಕೆಯ ಸಂಪಾದಕನ ಸ್ವಾತಂತ್ರ್ಯವೆಂದಷ್ಟೇ ತಿಳಿದವರು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ.

ನಮ್ಮ ತಾಲೂಕಿನ ಇನ್ನೊಂದು ನಿದರ್ಶನವನ್ನು ಹೇಳುವೆವು. ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ಅರಿಯದವರು ಕನ್ನಡ ನಾಡಿನಲ್ಲಿ ವಿರಳ. ಹಾಲಕ್ಕಿ ಒಕ್ಕಲಿಗರ ಅಸಂಖ್ಯ ಹಾಡುಗಳನ್ನು ಕಂಠದಲ್ಲಿ ಕಾಪಾಡಿದ ಆ ಹಿರಿಯ ಜೀವಕ್ಕೆ ೨೦೧೭ರಲ್ಲಿ ಪದ್ಮಶ್ರೀ ಬಂದಿತು. ಅವರ ಹಾಡನ್ನು ಎಲ್ಲರೂ ಮೆಚ್ಚಿದರು. ಆದರೆ ಅವರು ಹಾಡಿದ್ದಷ್ಟೇ ಅಲ್ಲ, ಮಾತನ್ನೂ ಆಡಿದ್ದರು. ಸಾರಾಯಿಯು ಮನೆಮಾರುಗಳನ್ನು ಹಾಳುಮಾಡುತ್ತಿದ್ದುದನ್ನು ಕಂಡು ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. ಕರ್ನಾಟಕ ಸರಕಾರವು ಸಾರಾಯಿಯನ್ನು ನಿಷೇಧಿಸಿದುದು ೨೦೦೭ರ ಜುಲೈ ೧ರಿಂದ. ಅದಕ್ಕೆ ಎಷ್ಟೋ ವರ್ಷ ಮೊದಲೇ ಅಂಕೋಲೆಯ ಓದುಬಾರದ ಹೆಂಗಸರು ಆ ನಿರ್ಣಯವನ್ನು ಮಾಡಿದ್ದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡದಲ್ಲಿ ಸೇರಿಸಬೇಕೆಂದೂ ಸುಕ್ರಜ್ಜಿ ಕೇಳುತ್ತ ಬಂದರು. ೨೦೨೫ರ ಫೆಬ್ರುವರಿ ೧೩ರಂದು ಅವರು ಕಣ್ಣುಮುಚ್ಚುವ ತನಕ ಆ ಬೇಡಿಕೆಯು ಈಡೇರಲಿಲ್ಲ. ಗಿಡ ನೆಟ್ಟು ಪದ್ಮಶ್ರೀ ಪಡೆದ ಹೊನ್ನಳ್ಳಿಯ ತುಳಸಿ ಗೌಡ ಅವರೂ ಅದಕ್ಕೆ ಎರಡು ತಿಂಗಳು ಮೊದಲು, ೨೦೨೪ರ ಡಿಸೆಂಬರ ೧೬ರಂದು, ತೀರಿಕೊಂಡರು. ಇಬ್ಬರ ಕೈಯನ್ನು ಹಿಡಿದು ಚಿತ್ರ ತೆಗೆಯಿಸಿಕೊಂಡ ಪುಢಾರಿಗಳಿಗೆ ಲೆಕ್ಕವಿಲ್ಲ. ಬೇಡಿಕೆಯು ಯೋಗ್ಯವೋ ಅಲ್ಲವೋ ಎಂಬುದನ್ನು ಶಾಸ್ತ್ರಜ್ಞರು ಪರಿಶೀಲಿಸಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಹಾಡಿಗೆ ಪದಕ, ಮಾತಿಗೆ ಮೌನ ಎಂಬ ಈ ನಡತೆಯು ಗೌರವವೆನಿಸುವುದೇ?

ಕಡಲ ಅಂಚಿಗೂ ಹೋಗೋಣ. ೨೦೨೫ರ ಫೆಬ್ರುವರಿಯಲ್ಲಿ ಕೇಣಿಯ ಬಂದರಿನ ಸಮೀಕ್ಷೆಯ ಕೆಲಸ ಹೊರಟಾಗ ಮೀನುಗಾರ ಗಂಡಸರೂ ಹೆಂಗಸರೂ ಕೂಡಿ ಅದನ್ನು ವಿರೋಧಿಸಿದರು. ನಿಷೇಧಾಜ್ಞೆಯು ಹೊರಟಿತು. ಬಂದರು ಬೇಕೋ ಬೇಡವೋ ಎಂಬ ವಾದವನ್ನು ಈ ಅಂಕಣದಲ್ಲಿ ನಾವು ತೀರಿಸಹೊರಟಿಲ್ಲ. ನಮ್ಮ ಪ್ರಶ್ನೆ ಬೇರೆ. ಕಡಲಿನಿಂದ ಮೀನು ಬಂದರೆ ಅದನ್ನು ಮಾರಿ ಮನೆ ನಡೆಯಿಸುವವಳು ಹೆಂಗಸು. ಬಂದರಿನ ಕಾಗದಪತ್ರಗಳು ಸಿದ್ಧವಾಗುವಾಗ ಆಕೆಯ ಅಂಗಳಕ್ಕೆ ಬಂದು, ಆಕೆಗೆ ತಿಳಿಯುವ ಕನ್ನಡದಲ್ಲಿ ಅಥವಾ ಕೊಂಕಣಿಯಲ್ಲಿ, ‘ಹೀಗೆ ಮಾಡಬೇಕೆಂದಿದ್ದೇವೆ, ನಿನ್ನ ಅಭಿಪ್ರಾಯವೇನು?’ ಎಂದು ಕೇಳಿದವರು ಎಷ್ಟು ಮಂದಿ? ಕೇಳಬೇಕಾದಾಗ ಕೇಳದೆ, ಹೇಳಬಂದಾಗ ಗುಂಪುಗೂಡಬೇಡಿರೆಂದರೆ, ಆಕೆ ಮಾತನಾಡಬೇಕಾದ ಸ್ಥಳ ಯಾವುದು?

ಗುಂಪುಗೂಡುವುದನ್ನು ತಡೆಯುವ ಈ ಅಧಿಕಾರವು ಹಿಂದೆ ಕ್ರಿಮಿನಲ್ ಪ್ರೊಸೀಜರ ಕೋಡಿನ ೧೪೪ನೆಯ ಕಲಮಾಗಿತ್ತು. ೨೦೨೪ರ ಜುಲೈ ೧ರಿಂದ ಹೊಸ ಸಂಹಿತೆಯಲ್ಲಿ ೧೬೩ನೆಯ ಕಲಮಾಗಿದೆ. ೧೯೧೭ರಲ್ಲಿ ಗಾಂಧೀಜಿಯವರನ್ನು ಚಂಪಾರಣ್ಯದಿಂದ ಹೊರಡಿಸಹೋದುದು ಇದೇ ೧೪೪. ಅಂಕೆ ಬದಲಾಯಿತು, ಗುಣ ಬದಲಾಗಲಿಲ್ಲ. ಶಾಂತಿಭಂಗದ ನಿಜವಾದ ಭಯವಿದ್ದಲ್ಲಿ ಅಧಿಕಾರಿಗಳಿಗೆ ಇಂತಹ ಅಧಿಕಾರ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನ್ಯಾಯವಾದ ಅಭಿಪ್ರಾಯವನ್ನೂ ಅಸಮ್ಮತಿಯನ್ನೂ ಅದುಮಲು ಅದನ್ನು ಉಪಯೋಗಿಸಕೂಡದೆಂದು, ಕಾರಣಗಳನ್ನು ಬರೆದು ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅನುರಾಧಾ ಭಸೀನ್ ಮೊಕದ್ದಮೆಯಲ್ಲಿ ೨೦೨೦ರ ಜನವರಿ ೧೦ರಂದು ಸ್ಪಷ್ಟವಾಗಿ ಹೇಳಿದೆ. ಈ ನಿರ್ಣಯವು ಕಚೇರಿಯ ಕಪಾಟಿನಲ್ಲಿ ಮಲಗಿರದೆ, ಆಜ್ಞೆ ಬರೆಯುವ ಕೈಯ ಪಕ್ಕದಲ್ಲಿರತಕ್ಕದ್ದು.

ಇನ್ನು ದುಡಿಯುವ ಸ್ತ್ರೀಯ ಮತವನ್ನು ಹಳಿಯುವವರ ಮಾತು. ೨೦೨೩ರ ಜೂನ್ ೧೧ರಂದು ಕರ್ನಾಟಕ ಸರಕಾರವು ಶಕ್ತಿ ಯೋಜನೆಯಿಂದ ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತು. ಅದೇ ವರ್ಷದ ಆಗಸ್ಟ ೩೦ರಂದು ಮನೆಯ ಯಜಮಾನಿಗೆ ತಿಂಗಳಿಗೆ ೨೦೦೦ ರೂಪಾಯಿಯ ಗೃಹಲಕ್ಷ್ಮಿಯನ್ನು ಆರಂಭಿಸಿತು. ಖಜಾನೆಗೆ ಇದು ತಡೆಯುವುದೇ, ಬಸ್ಸುಗಳು ಸಾಕೇ, ಹಣವು ವೇಳೆಗೆ ಸೇರುತ್ತಿದೆಯೇ ಎಂದು ಟೀಕಿಸುವ ಹಕ್ಕು ಎಲ್ಲರಿಗೂ ಉಂಟು, ನಾವೂ ಟೀಕಿಸುವೆವು. ಆದರೆ ಬಸ್ಸು ಹತ್ತಿದ ಕೂಲಿ ಹೆಂಗಸನ್ನು ನೋಡಿ ‘ಬಿಟ್ಟಿ’ ಎಂದು ಮೂದಲಿಸುವ ನಾಲಗೆಗಳು ಹುಟ್ಟಿಕೊಂಡಿವೆ. ಆ ಶಬ್ದದ ಚರಿತ್ರೆಯನ್ನು ಅವರು ಬಲ್ಲರೇ? ಬಿಟ್ಟಿ ಎಂಬುದು ವಿಷ್ಟಿ ಎಂಬುದರ ತದ್ಭವ. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ಆ ಹೆಸರು. ಧನಿಯ ಅಂಗಳವನ್ನು ಸಾರಿಸಿದ, ಹಬ್ಬದಲ್ಲಿ ಅವನ ಕಟ್ಟಿಗೆ ಹೊತ್ತ, ಕೂಲಿಯಿಲ್ಲದೆ ಭತ್ತ ಕುಟ್ಟಿದ ಹೆಂಗಸರ ಬೆನ್ನಿನ ಮೇಲೆ ಬಿಟ್ಟಿಯು ತಲೆತಲಾಂತರದಿಂದ ಬಿದ್ದಿತ್ತು. ಬಿಟ್ಟಿ ದುಡಿದವರ ಮೊಮ್ಮಗಳನ್ನು ಬಿಟ್ಟಿ ತಿಂದವಳೆನ್ನುವುದು ಶಬ್ದಕ್ಕೂ ಸತ್ಯಕ್ಕೂ ಮಾಡುವ ದ್ರೋಹ. ಕಾರಖಾನೆಗೆ ಕೊಟ್ಟ ಭೂಮಿ, ಸಾಹುಕಾರನಿಗೆ ಬಿಟ್ಟ ತೆರಿಗೆ ‘ಪ್ರೋತ್ಸಾಹ’ವಾಗುತ್ತದೆ, ಕೂಲಿಯವಳಿಗೆ ಕೊಟ್ಟ ಚೀಟಿ ‘ಲಂಚ’ವಾಗುತ್ತದೆ. ತನ್ನ ಹಿತವನ್ನು ನೋಡಿ ಮತ ಕೊಡುವ ವ್ಯಾಪಾರಿಯು ಜಾಣನಾದರೆ, ತನ್ನ ಹಿತವನ್ನು ನೋಡಿ ಮತ ಕೊಡುವ ಕೂಲಿಯವಳು ಮಾರಾಟವಾದವಳು ಹೇಗಾದಾಳು?

ಹಾಗಾದರೆ ಹೀಗೆ ಮೂದಲಿಸುವವರ ಬಾಯಿಗೆ ಬೀಗ ಹಾಕಬೇಕೇ? ಕೆಲವು ಮಿತ್ರರು ಹಾಗೆನ್ನುತ್ತಾರೆ. ನಾವು ಒಪ್ಪಲಾರೆವು. ೧೯೦೮ರಲ್ಲಿ ಲೋಕಮಾನ್ಯ ತಿಲಕರನ್ನು ಮಂಡಾಲೆಗೆ ಕಳುಹಿಸಿದ ರಾಜದ್ರೋಹದ ಕಲಮನ್ನು ನೆನೆಯಿರಿ. ಮಾತನ್ನು ತಡೆಯುವ ಆಯುಧವು ಇಂದು ನಮ್ಮ ವಿರೋಧಿಯ ಮೇಲೆ ಎದ್ದರೆ, ನಾಳೆ ಅದು ದುರ್ಬಲರ ಮೇಲೆಯೇ ಬೀಳುತ್ತದೆ. ೧೯೭೫ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯನ್ನು ಸೇರಿ, ಆರೋಗ್ಯ ಕೆಟ್ಟು, ಬಿಡುಗಡೆಯಾದ ಸ್ವಲ್ಪ ದಿನಗಳಲ್ಲಿಯೇ ೧೯೭೭ರಲ್ಲಿ ಅಸುನೀಗಿದ ಸ್ನೇಹಲತಾ ರೆಡ್ಡಿಯವರ ಕಥೆಯನ್ನು ಮರೆಯದಿರೋಣ. ಮೂದಲಿಕೆಗೆ ಉತ್ತರ ಮಾತಿನಿಂದಲೇ ಬರಲಿ. ಆದರೆ ಒಂದು ಗೆರೆಯನ್ನು ಇಲ್ಲಿ ಎಳೆಯಲೇಬೇಕು. ‘ಇಂಥವನಿಗೆ ಮತ ಹಾಕಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ’, ‘ಸಭೆಯಲ್ಲಿ ಬಾಯಿಬಿಟ್ಟರೆ ನಿನ್ನ ಮಾನ ಉಳಿಯದು’ ಎಂಬವು ಅಭಿಪ್ರಾಯಗಳಲ್ಲ, ಬೆದರಿಕೆಗಳು. ಬೆದರಿಕೆಯು ಒಬ್ಬನ ಮಾತಿನಿಂದ ನೂರು ಜನರ ಮಾತನ್ನು ಕೊಲ್ಲುತ್ತದೆ. ಮತದಾರರ ಮೇಲೆ ಅನುಚಿತ ಪ್ರಭಾವ ಬೀರುವುದು ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೩ನೆಯ ಕಲಮಿನಂತೆ ಭ್ರಷ್ಟಾಚರಣೆ. ಯಾರಿಗೆ ಮತ ಹಾಕಿದೆಯೆಂಬುದನ್ನು ಕೋರ್ಟಿನ ಕಟಕಟೆಯಲ್ಲಿ ಸಹ ಹೇಳಬೇಕಾಗಿಲ್ಲವೆಂದು ಅದೇ ಕಾಯಿದೆಯ ೯೪ನೆಯ ಕಲಮು ಹೇಳುತ್ತದೆ. ನ್ಯಾಯಾಧೀಶನೂ ಕೇಳಲಾಗದ ಪ್ರಶ್ನೆಯನ್ನು ಗಂಡನಾಗಲಿ ಧನಿಯಾಗಲಿ ಕೇಳಕೂಡದೆಂಬುದನ್ನು ಮನೆಮನೆಗೆ ಮುಟ್ಟಿಸಬೇಕಾಗಿದೆ.

ಸ್ತ್ರೀಯರಿಗೆ ಸ್ಥಾನಗಳನ್ನು ಕೊಟ್ಟಿದ್ದೇವಲ್ಲ ಎಂದು ಕೆಲವರು ಕೇಳಬಹುದು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೨೬ರಲ್ಲಿ ಮದರಾಸು ಶಾಸನಸಭೆಗೆ ಉಮೇದುವಾರರಾಗಿ ನಿಂತು ಅಲ್ಪ ಅಂತರದಲ್ಲಿ ಸೋತ ಕಾಲದಿಂದ ನಾವು ಬಹುದೂರ ಬಂದಿದ್ದೇವೆ, ನಿಜ. ನಮ್ಮ ಜಿಲ್ಲೆಯೂ ೧೯೯೯ರಲ್ಲಿ ಮಾರ್ಗರೆಟ್ ಆಳ್ವರನ್ನು ಲೋಕಸಭೆಗೂ, ೨೦೧೮ರಲ್ಲಿ ಕಾರವಾರ–ಅಂಕೋಲೆ ಕ್ಷೇತ್ರವು ರೂಪಾಲಿ ನಾಯ್ಕರನ್ನು ವಿಧಾನಸಭೆಗೂ ಕಳುಹಿಸಿದವು. ಪಂಚಾಯತಿಗಳಲ್ಲಿ ಅರ್ಧ ಸ್ಥಾನಗಳು ೨೦೧೦ರಿಂದ ಸ್ತ್ರೀಯರಿಗೆ ಮೀಸಲು. ಆದರೆ ೨೦೨೩ರ ವಿಧಾನಸಭೆಯ ಚುನಾವಣೆಯಲ್ಲಿ ೨೨೪ ಸ್ಥಾನಗಳಿಗೆ ಆರಿಸಿಬಂದ ಸ್ತ್ರೀಯರು ೧೦ ಮಂದಿ. ಶಾಸನವು ಒತ್ತಾಯಿಸಿದಲ್ಲಿ ಅರ್ಧ, ನಮ್ಮ ಮನಸ್ಸಿಗೆ ಬಿಟ್ಟಲ್ಲಿ ನೂರಕ್ಕೆ ಐದೂ ಇಲ್ಲ! ಅರ್ಧವಿರುವಲ್ಲಿಯೂ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡನ ಕುರ್ಚಿ ಬೀಳುವ ಪಂಚಾಯತಿಗಳು ಎಷ್ಟಿಲ್ಲ? ಅವಳ ರುಜು, ಅವನ ಮಾತು. ಇದು ಸ್ವರಾಜ್ಯವಲ್ಲ, ಮುಖತ್ಯಾರಿ.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಗ್ರಾಮಸಭೆಯನ್ನು ನಾಟಿಯ ದಿನಗಳಲ್ಲಿ, ಮೀನುಪೇಟೆಯ ಹೊತ್ತಿನಲ್ಲಿ ಕರೆಯಕೂಡದು. ದುಡಿಯುವವರ ಬಿಡುವನ್ನು ಕೇಳಿ ದಿನವನ್ನು ಗೊತ್ತುಪಡಿಸತಕ್ಕದ್ದು. ಸಭೆಯಲ್ಲಿ ಮೊದಲ ಮಾತು ಸ್ತ್ರೀಯರದಾಗಲಿ, ಕಡೆಯಲ್ಲಿ ನಡಾವಳಿಯನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಿ ಹೇಳಲಿ. ಆಡಿದ ಮಾತು ಬರಹದಲ್ಲಿ ಬಂದಿದೆಯೇ ಎಂಬುದು ಓದುಬಾರದವಳಿಗೂ ತಿಳಿಯಬೇಕು. ಅಧ್ಯಕ್ಷೆಯ ಗಂಡನು ಸಭೆಗೆ ಬಂದರೆ ಎಲ್ಲರಂತೆ ಚಾಪೆಯ ಮೇಲೆ ಕುಳಿತುಕೊಳ್ಳಲಿ. ಪಕ್ಷಗಳವರು ಮನೆಯ ಗಂಡಸಿನ ಬಳಿ ‘ನಿಮ್ಮ ಮನೆಯ ನಾಲ್ಕು ಮತ’ ಎಂದು ಕೇಳುವ ರೂಢಿಯನ್ನು ಬಿಡಲಿ. ಮತಗಳು ಮನೆಗಿಲ್ಲ, ಮನುಷ್ಯರಿಗಿವೆ. ಪತ್ರಿಕೆಗಳವರು ಕೂಲಿ ಹೆಂಗಸಿನ ಚಿತ್ರವನ್ನು ಅಚ್ಚಿಸಿದರೆ, ಅದರ ಕೆಳಗೆ ಆಕೆಯ ಹೆಸರನ್ನೂ ಆಕೆ ಹೇಳಿದ್ದನ್ನೂ ಅಚ್ಚಿಸಲಿ.

ಶಾಲಾ ಮಾಸ್ತರರಲ್ಲಿ ನಮ್ಮದೊಂದು ವಿಶೇಷ ಬಿನ್ನಹ. ವರ್ಗದಲ್ಲಿ ಪ್ರಶ್ನೆ ಕೇಳಿದಾಗ ಹಿಂದಿನ ಸಾಲಿನ ಹೆಣ್ಣುಮಗಳು ಉತ್ತರ ಬಲ್ಲವಳಾದರೂ ತಲೆ ತಗ್ಗಿಸಿ ಕುಳಿತಿದ್ದರೆ, ಅದನ್ನು ಅವಳ ವಿನಯವೆಂದು ಹೊಗಳಬೇಡಿರಿ. ಅವಳನ್ನು ಎಬ್ಬಿಸಿ ನಿಲ್ಲಿಸಿರಿ, ತಪ್ಪಾದರೂ ಆಡಗೊಡಿರಿ, ನಗುವ ಹುಡುಗರನ್ನು ಸುಮ್ಮನಾಗಿಸಿರಿ. ಹದಿನೆಂಟನೆಯ ವರ್ಷದಲ್ಲಿ ಮತ ಕೊಡುವ ಸರಕಾರವು ಮಾತನ್ನು ಕೊಡಲಾರದು. ಅದನ್ನು ಎಂಟನೆಯ ವರ್ಷದಲ್ಲಿ ನೀವು ಕೊಡಬೇಕು.

ಅಂಕೋಲೆಯ ಜನರು ಒಂದು ಹಿಡಿ ಉಪ್ಪಿಗಾಗಿ ಸಾಮ್ರಾಜ್ಯವನ್ನು ಎದುರು ಹಾಕಿಕೊಂಡವರು. ತಮ್ಮ ಊರಿನ ಹೆಣ್ಣುಮಕ್ಕಳ ಒಂದು ಮಾತಿಗಾಗಿ ತಮ್ಮ ರೂಢಿಯನ್ನು ಎದುರು ಹಾಕಿಕೊಳ್ಳಲಾರರೇ? ಮುಂದಿನ ಗ್ರಾಮಸಭೆಯಲ್ಲಿ ಶೆಟಗೇರಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತಾಗ ನಮ್ಮ ಮಹಾಜನರು ಏನು ಮಾಡುವರೆಂಬುದನ್ನು ನೋಡಲು ನಾವು ಕಾದಿದ್ದೇವೆ.